ನೋಯದ ಸುಟ್ಟಗಾಯ

ಒಲೆಯ ಮೇಲಿನ ಪಾತ್ರೆಯನ್ನು ಇಳಿಸುವಾಗ ಕೈಗೆ ಬಿಸಿ ತಗುಲಿದರೆ ನಾವು ಥಟ್ಟನೆ ಕೈಯನ್ನು ಹಿಂದಕ್ಕೆ ಸೆಳೆದುಕೊಳ್ಳುವೆವು. ನೋವನ್ನು ನಾವು ಎಷ್ಟೇ ಶಪಿಸಿದರೂ ದೇಹದ ಕಾವಲುಗಾರನು ಅದೇ. ಆದರೆ ಬೊಬ್ಬೆ ಎದ್ದುದನ್ನು ಕಣ್ಣಿನಿಂದ ಕಂಡ ಮೇಲೆಯೇ ಕೈ ಸುಟ್ಟಿತೆಂದು ತಿಳಿಯುವ ಸ್ಥಿತಿಯೂ ಕೆಲವರಿಗೆ ಒದಗುವುದುಂಟು. ಅದರ ಕಾರಣವು ಕೆಲವೊಮ್ಮೆ ಕೈಯಲ್ಲಿರದೆ ಬೆನ್ನುಹುರಿಯ ಒಳಗಿರುವುದು.

ಮಿದುಳಿನಿಂದಿಳಿದು ಬೆನ್ನೆಲುಬಿನೊಳಗೆ ಹಾಯುವ ಈ ಹುರಿಯು ಹೆಚ್ಚುಕಡಿಮೆ ಕಿರುಬೆರಳಿನಷ್ಟು ದಪ್ಪ. ಅದರ ನಡುವೆ ನೀರಿನಂಥ ದ್ರವವು ತುಂಬಿ ಉದ್ದನೆಯ ಪೊಳ್ಳಾಗುವ ರೋಗಕ್ಕೆ ಫ್ರಾನ್ಸಿನ ವೈದ್ಯನಾದ ಒಲಿವಿಯೇ ಎಂಬಾತನು 1827ರಲ್ಲಿ 'ಸಿರಿಂಗೋಮೈಲಿಯ' ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಸಿರಿಂಕ್ಸ್ ಎಂದರೆ ಕೊಳಲು. ಬಿಸಿ, ತಂಪು, ನೋವುಗಳ ಸುದ್ದಿಯನ್ನೊಯ್ಯುವ ತಂತುಗಳು ಹುರಿಯ ನಟ್ಟನಡುವೆ ಒಂದು ಪಕ್ಕದಿಂದ ಇನ್ನೊಂದಕ್ಕೆ ದಾಟುವುದರಿಂದ, ಪೊಳ್ಳು ಹಿಗ್ಗಿದಾಗ ಮೊದಲು ಕೆಡುವುವು ಅವೇ. ಸ್ಪರ್ಶದ ತಂತುಗಳ ಮುಖ್ಯ ದಾರಿಯು ಹುರಿಯ ಹಿಂಬದಿಯಲ್ಲಿದೆ. ಆದುದರಿಂದ ಮುಟ್ಟಿದುದು ತಿಳಿಯುವುದು, ಸುಟ್ಟುದು ತಿಳಿಯದು. ಮುಂದೆ ಕೈಯ ಸ್ನಾಯುಗಳು ಸೊರಗಿ, ಕಾಲುಗಳು ಬಿಗಿಯುವುವು. ಕುಷ್ಠವೆಂದು ಭ್ರಮಿಸುವ ಸಂಭವವೂ ಉಂಟು.

ಬೆನ್ನಿಗೆ ಬಿದ್ದ ಪೆಟ್ಟಿನಿಂದಲೂ, ಗಡ್ಡೆಯಿಂದಲೂ ಈ ರೋಗವು ಬರಬಹುದು. ಆದರೆ ಅನೇಕರಲ್ಲಿ ಇದರ ಮೂಲವು ತಲೆಬುರುಡೆಯ ತಳದಲ್ಲಿದೆ. ಅಲ್ಲಿಯ ರಂಧ್ರದೊಳಗೆ ಕಿರುಮಿದುಳಿನ ತುದಿಯು ಜಾರಿ, ಮಿದುಳುದ್ರವದ ಸಂಚಾರಕ್ಕೆ ಬಿರಟೆಯಂತೆ ಅಡ್ಡವಾಗುವುದು. ಈ ವಿಕಾರವನ್ನು ಪ್ರಾಗ್ ನಗರದ ಹಾನ್ಸ್ ಕಿಯಾರಿ ಎಂಬ ಪಂಡಿತನು 1891ರಲ್ಲಿ ವರ್ಣಿಸಿದನು.

ಮರುವರ್ಷವೇ ಅಮೆರಿಕದಲ್ಲಿ ಆಬಿ ಮತ್ತು ಕೋಲಿ ಎಂಬ ಶಸ್ತ್ರವೈದ್ಯರು ಹುರಿಯನ್ನು ತೆರೆದು ದ್ರವವನ್ನು ಹೊರತೆಗೆದರು. ಆದರೆ ಕಾಲುವೆಯ ಅಡ್ಡಿಯನ್ನು ತೆಗೆಯದೆ ಗದ್ದೆಯ ನೀರನ್ನು ಮೊಗೆದರೆ ಅದು ಮತ್ತೆ ತುಂಬದಿರುವುದೆ? ಅಡ್ಡಿಯನ್ನೇ ನಿವಾರಿಸಬೇಕೆಂಬ ಮತವನ್ನು 1950ರ ದಶಕದಿಂದೀಚೆಗೆ ಬಲಪಡಿಸಿದವರಲ್ಲಿ ಕ್ಲೀವ್‌ಲೆಂಡಿನ ಜೇಮ್ಸ್ ಗಾರ್ಡ್‌ನರ್ ಪ್ರಮುಖರು. ಇಂದು ಇಂಥ ರೋಗಿಗಳಲ್ಲಿ ತಲೆಬುರುಡೆಯ ಹಿಂದಿನ ಕೆಳಭಾಗದಿಂದ ಸ್ವಲ್ಪ ಎಲುಬನ್ನೂ, ಕತ್ತಿನ ಮೊದಲ ಎಲುಬಿನ ಹಿಂದಿನ ಕಮಾನನ್ನೂ ತೆಗೆಯುವರು. ಹಲವರಲ್ಲಿ ಮಿದುಳಿನ ಹೊರಪೊರೆಯನ್ನು ಬಿಡಿಸಿ, ತೇಪೆಯಿಟ್ಟು ಹೊಲಿದು ಜಾಗವನ್ನು ವಿಶಾಲಗೊಳಿಸುವರು. ಹುರಿಯನ್ನು ಮುಟ್ಟದೆಯೇ, ದಾರಿ ತೆರೆದ ಮೇಲೆ ಪೊಳ್ಳು ತಿಂಗಳುಗಳಲ್ಲಿ ತಾನಾಗಿ ಕುಗ್ಗುವುದು ಸಾಮಾನ್ಯ. ಇದು ಸಲ್ಲದ ಕಡೆ ಸಣ್ಣ ನಳಿಕೆಯಿಂದ ದ್ರವವನ್ನು ಹರಿಯಗೊಡುವರು. ಆದರೆ ನಳಿಕೆಯು ಕಟ್ಟಿಕೊಳ್ಳುವುದುಂಟು.

ಈ ಚಿಕಿತ್ಸೆಯಲ್ಲಿ ದ್ರವ ಸೋರುವ, ಸೋಂಕು ತಗಲುವ ಅಪಾಯಗಳಿವೆ. ಬಾಧೆಯಿಲ್ಲದ ಸಣ್ಣ ಪೊಳ್ಳನ್ನು ಎಂ.ಆರ್.ಐ. ಚಿತ್ರದಿಂದ ಆಗಾಗ ಪರೀಕ್ಷಿಸುತ್ತಿದ್ದರೆ ಸಾಕಾಗಬಹುದು. ಮರೆಯಬಾರದ ಮಾತೊಂದಿದೆ: ಶಸ್ತ್ರಕ್ರಿಯೆಯು ರೋಗದ ಮುನ್ನಡೆಯನ್ನು ತಡೆಯಬಲ್ಲುದು, ಕಳೆದುಹೋದ ಅರಿವನ್ನು ಪೂರ್ತಿಯಾಗಿ ಮರಳಿ ತರುವುದು ವಿರಳ. ಆದುದರಿಂದ ಮನೆಯಲ್ಲಿ ಯಾರಿಗಾದರೂ ನೋಯದ ಸುಟ್ಟಗಾಯ ಕಂಡರೆ, ಕೆಮ್ಮಿದಾಗ ತಲೆಯ ಹಿಂಬದಿ ಸಿಡಿದಂತಾದರೆ, ಕೈ ಸೊರಗಿದರೆ, ಗಾಯಕ್ಕೆ ಮುಲಾಮು ಹಚ್ಚಿ ಸುಮ್ಮನಿರದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ನೋವಿಲ್ಲವೆಂಬುದು ಯಾವಾಗಲೂ ಕ್ಷೇಮದ ಗುರುತಲ್ಲ.