ಹೊಗೆಯೂ ಬೆಂಕಿಯೂ

ಬೆಂಗಳೂರಿನ ಬುಲ್ ಟೆಂಪಲ್ ರಸ್ತೆಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿದೆ. 1945ರಲ್ಲಿ ಇದನ್ನು ಸ್ಥಾಪಿಸಿದ ಡಿ.ವಿ. ಗುಂಡಪ್ಪನವರು ಇಲ್ಲಿ ತರುಣರನ್ನು ಕೂಡಿಸಿಕೊಂಡು ಗ್ರಂಥಗಳನ್ನೋದಿ ಅರ್ಥವನ್ನು ವಿಚಾರಿಸುತ್ತಿದ್ದರು. ಅವರ ಗೀತೋಪನ್ಯಾಸಗಳಿಂದ ರೂಪುಗೊಂಡ ಗ್ರಂಥಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು.

ಇಂಥ ಓದಿಗೆ ತರ್ಕದ ನೆರವು ಬೇಕು. ತರ್ಕವೆಂದೊಡನೆ ವಿದ್ಯಾರ್ಥಿಗಳು ಬೆದರುವುದುಂಟು. ಆದರೆ ಅದರ ಮೊದಲ ಪಾಠ ನಡೆಯುವುದು ಅಡುಗೆಮನೆಯಲ್ಲಿ! ಹದಿನೇಳನೆಯ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ತೆರೆದು ನೋಡಿ. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ. ಆದುದರಿಂದ ಅಲ್ಲಿ ಬೆಂಕಿಯಿದೆ. ಹೇಗೆ ಬಲ್ಲೆವು? ಹೊಗೆಯಿದ್ದಲ್ಲಿ ಬೆಂಕಿಯಿರುವುದನ್ನು ಸೌದೆಯೊಲೆಯ ಬಳಿ ಮತ್ತೆ ಮತ್ತೆ ಕಂಡಿದ್ದೇವೆ. ತಪ್ಪದ ಈ ಸಂಬಂಧಕ್ಕೆ ‘ವ್ಯಾಪ್ತಿ’ಯೆಂದು ಹೆಸರು. ಹಾಗಾದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕಲ್ಲವೆ? ಇಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲವೆನ್ನುತ್ತಾರೆ ತಾರ್ಕಿಕರು. ಹೊಗೆಯೇಳಲು ಬೆಂಕಿಯೊಂದೇ ಸಾಲದು, ಹಸಿ ಸೌದೆಯೂ ಬೇಕು. ಬಚ್ಚಲೊಲೆಯನ್ನು ಊದಿದ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಗ್ರಂಥದಲ್ಲಿ ಬರುವ ಮಾತನ್ನೂ ಹೀಗೆಯೇ ತಿರುವಿ ನೋಡಬೇಕು. ಕಳ್ಳರು ಇರುಳಿನಲ್ಲಿ ತಿರುಗುತ್ತಾರೆಂದರೆ, ಇರುಳಿನಲ್ಲಿ ತಿರುಗುವವರೆಲ್ಲ ಕಳ್ಳರೆಂದು ಅರ್ಥವಲ್ಲ. ಹಾಗೆಂದು ಬಗೆದು, ದಾರಿ ತಪ್ಪಿ ಬಂದ ನಿರಪರಾಧಿಯನ್ನು ಕಟ್ಟಿ ಹೊಡೆದ ಊರುಗಳುಂಟು.