ಜವಳು ನೆಲದ ವಸಂತ

ಹಕ್ಕಿ ನೋಡಬೇಕೆಂದರೆ ಡಿಸೆಂಬರಿನಲ್ಲೇ ಹೋಗಬೇಕು ಎಂಬ ಮಾತು ನಮ್ಮ ಭಾಗದಲ್ಲಿ ಬಲವಾಗಿ ಬೇರೂರಿದೆ. ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಧೂಪದಾಳದ ದಂಡೆಗೆ ಬರುವ ಕ್ಯಾಮೆರಾಗಳು ಶಿವರಾತ್ರಿ ದಾಟುವಷ್ಟರಲ್ಲಿ ಚೀಲ ಸೇರಿರುತ್ತವೆ. ಬಿಸಿಲು ಏರಿತು, ನೀರು ಇಳಿಯಿತು, ಇನ್ನೇನಿದೆ ನೋಡಲು ಎಂಬ ಲೆಕ್ಕ. ಹಕ್ಕಿಗಳ ಲೆಕ್ಕ ಬೇರೆ. ಫೆಬ್ರುವರಿ ಕೊನೆಯಿಂದ ಏಪ್ರಿಲ್ ನಡುವಿನ ತನಕ, ಅಂದರೆ ಮುತ್ತುಗ ಕೆಂಪಾಗುವುದರಿಂದ ಹಿಡಿದು ಬೇವಿನ ಹೂ ಉದುರುವವರೆಗೆ, ಬೆಳಗಾವಿ ಜಿಲ್ಲೆಯ ರಾಯಬಾಗ ಸೀಮೆಯ ಜೌಗಿನಲ್ಲಿ ಕಾಣಸಿಗುವುದು ಚಳಿಗಾಲದಲ್ಲಿ ಸಿಗುವುದಿಲ್ಲ. ಹೊರಡುವ ಹಕ್ಕಿ ಬಣ್ಣ ಬದಲಿಸುತ್ತಿರುತ್ತದೆ, ಇಲ್ಲಿಯೇ ಇರುವ ಹಕ್ಕಿ ಗೂಡಿಗೆ ಕೂರುತ್ತಿರುತ್ತದೆ. ನೋಡುವವನಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಹಕ್ಕಿಗೆ ಮಾತ್ರ ಇದು ಬಲು ಸೂಕ್ಷ್ಮವಾದ ಕಾಲ. ಈ ಎರಡನ್ನೂ ಒಟ್ಟಿಗೆ ತಿಳಿದುಕೊಂಡೇ ಕ್ಯಾಮೆರಾ ಎತ್ತಬೇಕು.

ಪಾಲಬಾವಿ, ಹಂದಿಗುಂದ, ಮುಗಳಖೋಡ, ಹಾರೂಗೇರಿ ಸುತ್ತಿನ ಜೌಗು ಬಹುಮಟ್ಟಿಗೆ ನೀರಾವರಿಯ ಕೊಡುಗೆ. ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಿದ್ದು ಬ್ರಿಟಿಷರ ಕಾಲದಲ್ಲಿ, 19ನೇ ಶತಮಾನದ ಕೊನೆಗೆ. ಆಮೇಲೆ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯ ಎದ್ದಿತು, ಎಡದಂಡೆ ಕಾಲುವೆಗೆ ನೀರಿನ ಭರವಸೆ ಸಿಕ್ಕಿತು. ನೂರು ಕಿಲೋಮೀಟರಿಗೂ ಮಿಕ್ಕಿದ ಆ ಕಾಲುವೆ ಮತ್ತು ಅದರ ಕವಲುಗಳು ಜೋಳದ ನಾಡನ್ನು ಕಬ್ಬಿನ ನಾಡಾಗಿ ತಿರುಗಿಸಿದವು. ಎರೆ ಮಣ್ಣಿಗೆ ವರ್ಷವಿಡೀ ನೀರು ಹಾಯಿಸಿದರೆ ನೆಲದಡಿಯ ನೀರು ಮೆಲ್ಲಗೆ ಮೇಲೇರುತ್ತದೆ. ಬಸಿದು ಹೋಗಲು ದಾರಿಯಿಲ್ಲದೆ ಮೇಲ್ಮೈಗೆ ಬಂದ ನೀರು ಬಿಸಿಲಿಗೆ ಆರುತ್ತದೆ, ತನ್ನೊಳಗಿನ ಉಪ್ಪನ್ನು ಅಲ್ಲೇ ಬಿಡುತ್ತದೆ. ರೈತರು ಇದನ್ನು ಸವಳು-ಜವಳು ಎನ್ನುತ್ತಾರೆ. ತಗ್ಗಿನ ತುಂಡುಗಳಲ್ಲಿ ಕಬ್ಬು ಏಳುವುದಿಲ್ಲ. ಆಪು, ಜೇಕು ಏಳುತ್ತವೆ. ಮೊಣಕಾಲು ಮುಟ್ಟದ ನೀರು, ಅಂಚಿಗೆ ಬಿಳಿ ಉಪ್ಪಿನ ಪೊರೆ, ನಡುವೆ ಕರಿ ಕೆಸರು. ಹೊಲದ ಒಡೆಯನಿಗೆ ಅದು ಕಣ್ಣೆದುರಿಗೇ ಹೋದ ಬಂಗಾರ. ಆ ಸಂಕಟವನ್ನು ಹಗುರವಾಗಿ ಕಾಣುವವರು ಇಲ್ಲಿಗೆ ಹಕ್ಕಿ ನೋಡಲು ಬರದಿದ್ದರೇ ಒಳ್ಳೆಯದು. ಆದರೆ ಆ ಕೆಸರಿನೊಳಗೆ ಸೊಳ್ಳೆಯಂಥ ಕೀಟಗಳ ಮರಿಹುಳುಗಳು, ಸಣ್ಣ ಬಸವನಹುಳುಗಳು, ಎರೆಹುಳುಗಳು ತುಂಬಿರುತ್ತವೆ ಎನ್ನುವುದೂ ನಿಜ. ಸಾವಿರಾರು ಮೈಲಿ ದೂರದಿಂದ ಬಂದ ಹಕ್ಕಿಗೆ ಬೇಕಾದದ್ದು ಅದೇ.

ಕರಿಬಾಲದ ಗೊರವವನ್ನೇ ನೋಡಿ. ಜನವರಿಯಲ್ಲಿ ಅದು ಬೂದು-ಕಂದು ಬಣ್ಣದ ಉದ್ದ ಕಾಲಿನ, ಉದ್ದ ಕೊಕ್ಕಿನ ಹಕ್ಕಿ. ದೂರದಿಂದ ನೋಡಿದವರು ಗುರುತಿಡದೆ ಮುಂದೆ ಹೋಗುತ್ತಾರೆ. ಮಾರ್ಚ್ ಬಂದಂತೆ ಕುತ್ತಿಗೆಯ ಮೇಲೆ ಅಲ್ಲೊಂದು ಇಲ್ಲೊಂದು ಇಟ್ಟಿಗೆ ಕೆಂಪಿನ ಗರಿ ಮೂಡುತ್ತದೆ. ಒಂದೇ ಗುಂಪಿನಲ್ಲಿ ಪೂರ್ತಿ ಬೂದಿಯದೂ ಇರುತ್ತದೆ, ಅರ್ಧ ಕೆಂಪಾದದ್ದೂ ಇರುತ್ತದೆ, ಎದೆಯ ತನಕ ಕೆಂಪೇರಿ ಹೊಟ್ಟೆಗೆ ಕರಿ ಪಟ್ಟೆ ಬಿದ್ದದ್ದೂ ಇರುತ್ತದೆ. ದುರ್ಬೀನು ಹಿಡಿದು ಅದರ ಕೊಕ್ಕನ್ನು ಮಾತ್ರ ನೋಡುತ್ತ ಕೂತರೆ ಇನ್ನೊಂದು ಸಂಗತಿ ಕಾಣುತ್ತದೆ. ಕೊಕ್ಕು ಬುಡದವರೆಗೆ ಕೆಸರಿಗಿಳಿದಾಗಲೂ ಅದರ ತುದಿಯೊಂದೇ ಬೇರೆಯಾಗಿ ತೆರೆದುಕೊಳ್ಳಬಲ್ಲದು. ಇಡೀ ಬಾಯಿ ಬಿಡದೆ, ಆಳದಲ್ಲಿರುವ ಹುಳುವನ್ನು ತುದಿಯಿಂದಲೇ ಹಿಡಿಯುತ್ತದೆ. ಮೀಸೆ ರೀವದ ಹೊಟ್ಟೆ ಏಪ್ರಿಲಿಗೆ ಮಸಿ ಬಣ್ಣಕ್ಕೆ ತಿರುಗುತ್ತದೆ. ಜೌಗಿನಲ್ಲಿ ಓಡಾಡುವ ಸಿಪಿಲೆಗಳಲ್ಲಿ ಒಂದು ಜಾತಿಯ ಗಂಡಿನ ತಲೆ ನಿಂಬೆ ಹಳದಿಯಾಗುತ್ತದೆ. ಪಾಸ್‌ಪೋರ್ಟ್ ಯಾವುದೂ ಇಲ್ಲದ ನಮ್ಮ ಗೋವಕ್ಕಿಯ ತಲೆಗೂ ಕಿತ್ತಳೆ ಛಾಯೆ ಬರುತ್ತದೆ, ಕೊಳಬಕದ ಬೆನ್ನು ಕುಂಕುಮದಷ್ಟು ಗಾಢವಾಗುತ್ತದೆ. ವರ್ಷವಿಡೀ ಕಂಡ ಹಕ್ಕಿಯನ್ನು ಹೊಸದೆಂದು ತಿಳಿದು ಹೆಸರು ಕೇಳುವವರು ಈ ದಿನಗಳಲ್ಲಿ ಬಹಳ.

ಬಣ್ಣ ಹೊರಗೆ ಕಾಣುತ್ತದೆ. ಒಳಗೆ ನಡೆಯುವುದು ಅದಕ್ಕಿಂತ ದೊಡ್ಡದು. ಹೊರಡುವ ಮೊದಲಿನ ವಾರಗಳಲ್ಲಿ ದೂರ ಪಯಣದ ಹಕ್ಕಿ ಒಂದೇ ಸಮನೆ ತಿನ್ನುತ್ತದೆ, ತಿಂದದ್ದನ್ನು ಚರ್ಮದಡಿಯ ಕೊಬ್ಬಾಗಿ ಕೂಡಿಡುತ್ತದೆ. ಕೆಲವು ಕೆಸರುಹಕ್ಕಿಗಳ ತೂಕ ಹತ್ತಿರ ಹತ್ತಿರ ಇಮ್ಮಡಿಯಾಗುವುದುಂಟು. ಗೊರವದ ಹತ್ತಿರದ ಬಂಧುವಾದ ಪಟ್ಟೆಬಾಲದ ಜಾತಿಯ ಒಂದು ಮರಿಹಕ್ಕಿ 2022ರ ಅಕ್ಟೋಬರಿನಲ್ಲಿ ಅಲಾಸ್ಕದಿಂದ ತಾಸ್ಮೇನಿಯಕ್ಕೆ 11 ದಿನ ಎಲ್ಲೂ ಇಳಿಯದೆ 13,560 ಕಿಲೋಮೀಟರ್ ಹಾರಿತು. ಬೆನ್ನಿಗಿದ್ದ ಉಪಗ್ರಹ ಸಾಧನ ಅದನ್ನು ದಾಖಲಿಸಿತು. ಅಷ್ಟು ದೂರಕ್ಕೂ ಇಂಧನವೆಂದರೆ ಮೈಯಲ್ಲಿದ್ದ ಕೊಬ್ಬು. ನಮ್ಮ ಜವಳಿನಲ್ಲಿ ಮೇಯುವ ಹಕ್ಕಿಗಳ ದಾರಿ ಅಷ್ಟು ಉದ್ದವಲ್ಲದಿರಬಹುದು, ಲೆಕ್ಕ ಮಾತ್ರ ಅದೇ. ಹಾರುವ ಚಿತ್ರ ಬೇಕೆಂದು ಗುಂಪನ್ನು ಒಮ್ಮೆ ಎಬ್ಬಿಸಿದರೆ, ಅದು ಮೇಯಬೇಕಾದ ಹೊತ್ತು ಹೋಯಿತು, ಕೂಡಿಟ್ಟದ್ದರಲ್ಲಿ ಒಂದಿಷ್ಟು ಕರಗಿತು. ಒಂದೇ ಬೆಳಗ್ಗೆ ನಾಲ್ಕು ಜನ ಬಂದು ನಾಲ್ಕು ಸಲ ಎಬ್ಬಿಸಿದರೆ ಹಕ್ಕಿ ಬೇರೆ ಜೌಗು ಹುಡುಕಬೇಕು. ಈ ಸೀಮೆಯಲ್ಲಿ ಬೇರೆ ಜೌಗು ಎಷ್ಟಿವೆ?

ನಮ್ಮ ಕಡೆಯವರಿಗೆ ಘಟಪ್ರಭಾ ಎಂದರೆ ಆರೋಗ್ಯಧಾಮ, ಇಲ್ಲವೇ ಗೋಕಾಕ ಜಲಪಾತ. ಧೂಪದಾಳದ ಹಿನ್ನೀರು 1974ರಿಂದ ಪಕ್ಷಿಧಾಮ, ಸುಮಾರು 29.78 ಚದರ ಕಿಲೋಮೀಟರಿನದು ಎಂದರೆ ಜಿಲ್ಲೆಯವರೇ ಹುಬ್ಬೇರಿಸುತ್ತಾರೆ. ಇಲ್ಲಿನ ಹೆಸರಾಂತ ಚಳಿಗಾಲದ ಅತಿಥಿಗಳು ಕರಕೊಂಚ ಮತ್ತು ಯುರೋಪಿನ ಬಿಳಿ ಕೊಕ್ಕರೆ. ಕಝಾಕಸ್ತಾನ, ಮಂಗೋಲಿಯಗಳ ಹುಲ್ಲುಬಯಲಿನಲ್ಲಿ ಮರಿ ಮಾಡುವ ಕರಕೊಂಚ ಹಗಲು ಜೋಳ, ಕಡಲೆಯ ಹೊಲಗಳಲ್ಲಿ ಮೇಯ್ದು, ರಾತ್ರಿ ತೆಳುನೀರಿನಲ್ಲಿ ಒಂಟಿಕಾಲಲ್ಲಿ ನಿದ್ದೆ ಮಾಡುತ್ತದೆ. ಮಾರ್ಚ್‌ನಲ್ಲಿ ಅವು ಹೊರಡುವ ಬಗೆ ನೋಡಬೇಕಾದದ್ದು. ಬಿಸಿಗಾಳಿ ಮೇಲೇಳುವ ಹೊತ್ತಿಗೆ ಗುಂಪು ಎದ್ದು, ಸುತ್ತು ಹಾಕುತ್ತ, ಕೂಗುತ್ತ ಏರುತ್ತದೆ. ಕಣ್ಣಿಗೆ ಕಾಣದಷ್ಟು ಮೇಲೆ ಹೋದಮೇಲೂ ಕೂಗು ಕೇಳುತ್ತಿರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಇದೇ ಹೊತ್ತಿಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದತ್ತ ಹೊರಡುತ್ತವೆ. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರಿನ ಹತ್ತಿರದ ಹದಿನಾರು ಕೆರೆಯಲ್ಲಿ ಪತ್ತೆಯಾದದ್ದು, ಅವುಗಳ ಚಿತ್ರ ತೆಗೆದವರು ಪಟ್ಟಿಯ ಅಕ್ಷರ ಓದಿದ್ದರಿಂದ. ಮಾಗಡಿ ಕೆರೆ ಐವತ್ತು ಹೆಕ್ಟೇರಿನಷ್ಟರದು, ನೀರಾವರಿಗೆಂದು ಜನ ಕಟ್ಟಿದ್ದು. ಅದು 2024ರಲ್ಲಿ ಜಾಗತಿಕ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿ ಸೇರಿತು, ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಯೂ ಸೇರಿತು. ಮನುಷ್ಯ ಮಾಡಿದ ನೀರು ಎಂಬ ಕಾರಣಕ್ಕೆ ಯಾವ ಜೌಗನ್ನೂ ಕಡೆಗಣಿಸಬೇಕಿಲ್ಲ ಎನ್ನಲು ಇಷ್ಟು ಸಾಕು.

ಇನ್ನು ಚಿತ್ರ ತೆಗೆಯುವ ಮಾತು. ಮಾರ್ಚ್‌ನ ಬೆಳಕು ಒಳ್ಳೆಯದು, ಆದರೆ ಅದರ ಆಯುಷ್ಯ ಕಡಿಮೆ. ಒಂಬತ್ತು ಗಂಟೆಯಾದರೆ ಬಿಸಿಯಾದ ನೆಲದಿಂದ ಗಾಳಿ ಕುಣಿಯತೊಡಗುತ್ತದೆ. 600 ಎಂಎಂ ಲೆನ್ಸಿನಲ್ಲಿ ದೂರದ ಹಕ್ಕಿಯ ಗರಿಯ ಅಂಚು ಎಷ್ಟು ಹದಮಾಡಿದರೂ ಮಸುಕಾಗಿಯೇ ಬರುತ್ತದೆ. ಅದು ಲೆನ್ಸಿನ ದೋಷವಲ್ಲ, ಹೊಸದನ್ನು ಕೊಂಡರೂ ಹೋಗುವುದಿಲ್ಲ. ನಸುಕಿಗೇ ಬದುವಿನ ಮೇಲೆ ಸೂರ್ಯನಿಗೆ ಬೆನ್ನು ಮಾಡಿ ಕೂರಬೇಕು, ಆದಷ್ಟು ತಗ್ಗಿ ನೀರಿನ ಮಟ್ಟಕ್ಕೆ ಲೆನ್ಸ್ ಇಡಬೇಕು. ಕರಿ ಕೆಸರಿನ ಮೇಲಿನ ಬೆಳ್ಳಕ್ಕಿಗೆ ಕ್ಯಾಮೆರಾದ ಮೀಟರು ಮೋಸಹೋಗುತ್ತದೆ. ಬೆಳಕನ್ನು ಒಂದು ಸ್ಟಾಪಿನಷ್ಟಾದರೂ ಇಳಿಸದಿದ್ದರೆ ಬಿಳಿ ಗರಿಯ ಎಳೆಗಳೆಲ್ಲ ಸುಟ್ಟುಹೋಗುತ್ತವೆ.

ಇವಕ್ಕಿಂತ ಮುಖ್ಯವಾದ ಒಂದು ಪಾಠವನ್ನು ಇಲ್ಲಿನ ರೈತರ ನಡಿಗೆಯಿಂದ ಕಲಿಯಬಹುದು. ಹೆಗಲಿಗೆ ಸಲಿಕೆ ಹಾಕಿಕೊಂಡು, ಮಾತಾಡುತ್ತ, ನೇರವಾಗಿ ಬದುವಿನ ಮೇಲೆ ಹೋಗುವ ಮನುಷ್ಯನಿಗೆ ಹಕ್ಕಿ ಹೆದರುವುದಿಲ್ಲ. ಟ್ರ್ಯಾಕ್ಟರಿನ ಹಿಂದೆಯೇ ಗೋವಕ್ಕಿಗಳು ನಡೆಯುತ್ತವೆ. ಹೆದರುವುದು ಬಾಗಿ, ತಡೆದು, ಮತ್ತೆ ಹೆಜ್ಜೆ ಇಟ್ಟು, ಕಣ್ಣು ನೆಟ್ಟು ಬರುವವನಿಗೆ, ಏಕೆಂದರೆ ನರಿಯೂ ಹಾಗೆಯೇ ಬರುತ್ತದೆ. ಹಕ್ಕಿಯ ಬೆನ್ನುಹತ್ತುವುದನ್ನು ಬಿಟ್ಟು ಅದು ಮೇಯುವ ದಾರಿಯ ಮುಂದೆ ಮೊದಲೇ ಹೋಗಿ ಕೂತರೆ, ಗೊರವ ತಾನಾಗಿ ಹತ್ತಿರ ಬರುತ್ತದೆ. ಕೆನಾಲ್ ರಸ್ತೆಯ ಮೇಲೆ ನಿಲ್ಲಿಸಿದ ಕಾರೂ ಒಳ್ಳೆಯ ಮರೆ. ಮೇಯುವುದು ನಿಲ್ಲಿಸಿ ಹಕ್ಕಿ ತಲೆ ಎತ್ತಿತೆಂದರೆ ನಾವು ಹೆಚ್ಚು ಹತ್ತಿರ ಹೋಗಿದ್ದೇವೆ ಎಂದೇ ಅರ್ಥ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು, ಡ್ರೋನ್ ಹಾರಿಸುವುದು ಈ ಕಾಲದಲ್ಲಂತೂ ಕೂಡದು.

ಏಕೆಂದರೆ ಇದು ಗೂಡಿನ ಕಾಲವೂ ಹೌದು. ಟಿಟ್ಟಿಭ ಮಾರ್ಚ್‌ಗೆ ಬಯಲಿನಲ್ಲಿ ನಾಲ್ಕು ಹರಳುಗಳ ನಡುವೆ ನಾಲ್ಕು ಮೊಟ್ಟೆ ಇಡುತ್ತದೆ. ಕಾಲಡಿಗೆ ಬಂದರೂ ಕಾಣದಷ್ಟು ಮಣ್ಣಿನ ಬಣ್ಣ. ಏಪ್ರಿಲ್ ಹೊತ್ತಿಗೆ ಮೆಟ್ಟುಗಾಲು ಹಕ್ಕಿ ತೆಳುನೀರಿನ ನಡುವೆ ಕೆಸರು, ಜೇಕಿನ ತುಂಡು ಕೂಡಿಸಿ ಸಣ್ಣ ದಿಬ್ಬ ಮಾಡುತ್ತದೆ, ಮೊಟ್ಟೆಗಳ ಚೂಪು ತುದಿಗಳನ್ನೆಲ್ಲ ಒಳಮುಖವಾಗಿ ಜೋಡಿಸುತ್ತದೆ. ಕೆನಾಲಿಗೆ ನೀರು ಬಿಟ್ಟು ಜವಳಿನ ಮಟ್ಟ ಏರಿದರೆ ಗಂಡು-ಹೆಣ್ಣು ಎರಡೂ ಅವಸರದಲ್ಲಿ ಕೊಕ್ಕಿನಿಂದ ಕೆಸರು ತಂದು ದಿಬ್ಬವನ್ನು ಎತ್ತರಿಸುತ್ತವೆ. ನೀರು ಅವುಗಳಿಗಿಂತ ಬೇಗ ಏರಿದರೆ ಮೊಟ್ಟೆ ಹೋಯಿತು.

ಮಧ್ಯಾಹ್ನ ಒಂದರ ಬಿಸಿಲಿನಲ್ಲಿ ಟಿಟ್ಟಿಭದ ಗೂಡನ್ನು ದೂರದಿಂದ ದುರ್ಬೀನಿನಲ್ಲಿ ನೋಡಿದವರಿಗೆ ಒಂದು ದೃಶ್ಯ ಗೊತ್ತಿರುತ್ತದೆ. ಕೂತಿದ್ದ ಹಕ್ಕಿ ಎದ್ದು ನೀರಿಗೆ ನಡೆಯುತ್ತದೆ. ಹೊಟ್ಟೆಯ ಗರಿ ನೆನೆಯುವಂತೆ ಕುಸಿದು ಕೂರುತ್ತದೆ, ಎರಡು ಬಾರಿ ಅಲುಗಾಡುತ್ತದೆ, ನೀರು ತೊಟ್ಟಿಕ್ಕುತ್ತಿರುವಾಗಲೇ ಓಡಿಬಂದು ಮೊಟ್ಟೆಯ ಮೇಲೆ ನಿಲ್ಲುತ್ತದೆ. ಒದ್ದೆ ಗರಿಗಳನ್ನು ಸಡಿಲಿಸಿ ಮೊಟ್ಟೆಗೆ ತಾಗಿಸಿ, ರೆಕ್ಕೆಯನ್ನು ತುಸು ಅಗಲಿಸಿ ನೆರಳು ಮಾಡುತ್ತದೆ. ಗರಿ ಒಣಗಿದಮೇಲೆ ಮತ್ತೆ ನೀರಿಗೆ. ಈ ಬಿಸಿಲಿನಲ್ಲಿ ಅದು ಮೊಟ್ಟೆಗೆ ಶಾಖ ಕೊಡುತ್ತಿಲ್ಲ, ಮೊಟ್ಟೆ ಬೇಯದಂತೆ ಕಾಯುತ್ತಿದೆ. ಅಲ್ಲಿ ಚಿತ್ರಕ್ಕೆಂದು ಒಬ್ಬ ಮನುಷ್ಯ ಹತ್ತಿರ ನಿಂತು ತಾಯಿಯನ್ನು ದೂರ ಇಟ್ಟರೆ ಸ್ವಲ್ಪ ಹೊತ್ತಿಗೇ ಮೊಟ್ಟೆಯೊಳಗಿನ ಜೀವ ಹೋಗಬಹುದು. ನಾವು ಹೋದ ದಾರಿಯ ಕಾಲ್ಗುರುತು ಹಿಡಿದು ನಾಯಿ, ಕಾಗೆ ಬರುವುದು ಬೇರೆ. ಗೂಡಿನ ಚಿತ್ರ ಎಷ್ಟೇ ಚೆಂದ ಬಂದರೂ ತೆಗೆಯಬಾರದ ಚಿತ್ರ ಎಂದೇ ನಾನು ನಂಬುತ್ತೇನೆ. ಕುಡಚಿ, ಉಗಾರದ ಕಡೆ ಕೃಷ್ಣೆ ಬೇಸಿಗೆಗೆ ಸೊರಗಿ ಮರಳುದಿಬ್ಬ ಮೇಲೆದ್ದಾಗಲೂ ಇದೇ ಮಾತು. ನದಿ ರೀವದಂಥ ಹಕ್ಕಿಗಳು ಮೊಟ್ಟೆ ಇಡುವುದು ಅಂಥ ಬರಿ ಮರಳಿನ ಮೇಲೆಯೇ, ಆ ಹಕ್ಕಿ ಈಗ ಜಗತ್ತಿನಲ್ಲೇ ಅಪಾಯದಂಚಿನ ಪಟ್ಟಿಯಲ್ಲಿದೆ. ಮರಳಿನ ಲಾರಿಗಳ ಜೊತೆ ನಮ್ಮ ಬೂಟುಗಳೂ ಅಲ್ಲಿಗೆ ಹೋಗುವುದು ಬೇಡ.

ಸಂಜೆಗೆ ಮಾತ್ರ ಯಾವ ಅಳುಕೂ ಇಲ್ಲದೆ ನೋಡಬಹುದಾದ ಒಂದು ಸಂಭ್ರಮವಿದೆ. ಗುಲಾಬಿ ಕಬ್ಬಕ್ಕಿಗಳು. ಮಧ್ಯ ಏಷ್ಯಾದಿಂದ ಬಂದು, ಅಥಣಿ ಕಡೆಯ ಬಿಳಿಜೋಳದ ಹೊಲಗಳಲ್ಲಿ ಕವಣೆಯ ಕಲ್ಲಿಗೆ ಹೆದರುತ್ತ ಚಳಿಗಾಲ ಕಳೆದ ಇವು, ತೆನೆ ಮನೆ ಸೇರಿದಮೇಲೆ ಮುತ್ತುಗ, ಹಾಲವಾಣ, ಬೂರುಗದ ಹೂಗಳಿಗೆ ಮುಗಿಬಿದ್ದು ಮಕರಂದ ಕುಡಿಯುತ್ತವೆ, ಮುಖಕ್ಕೆಲ್ಲ ಪರಾಗ. ಹೊತ್ತು ಮುಳುಗುವಾಗ ಸಾವಿರಗಟ್ಟಲೆ ಸೇರಿ ಆಪಿನ ಪೊದೆಗೋ ಕಡಿಯದೆ ಉಳಿದ ಕಬ್ಬಿನ ಹೊಲಕ್ಕೋ ಇಳಿಯುತ್ತವೆ. ಇಳಿಯುವ ಮೊದಲು ಇಡೀ ಗುಂಪು ಒಂದೇ ಕೈ ಬೀಸಿದ ಸೆರಗಿನಂತೆ ಆಕಾಶದಲ್ಲಿ ಮಡಚಿ ಬಿಚ್ಚಿಕೊಳ್ಳುತ್ತದೆ. ಅದೇ ಹೊತ್ತಿಗೆ ಜೌಗು ಸೆಳೆವ ಆಪಿನ ಮೇಲೆ ತಗ್ಗಿ ಹಾರುತ್ತ ಬರುತ್ತದೆ, ಆಗ ಆ ಮಡಿಕೆಗಳಿಗೆ ವೇಗ ಬರುತ್ತದೆ. ಏಪ್ರಿಲ್ ಮುಗಿಯುವುದರೊಳಗೆ ಅವೂ ಇಲ್ಲ.

ಇದನ್ನೆಲ್ಲ ಬರೆದಿಡುವ ಕೆಲಸ ಹಳೆಯದು. ಬೆಳಗಾವಿಯಲ್ಲಿದ್ದ ಸೇನಾಧಿಕಾರಿ ಇ.ಎ. ಬಟ್ಲರ್ ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿಯನ್ನು 1881ರಲ್ಲಿ, ಎ.ಒ. ಹ್ಯೂಮ್ ನಡೆಸುತ್ತಿದ್ದ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಕೆನಾಲಿಗಿಂತ ಮೊದಲಿನ ಈ ನೆಲ ಹೇಗಿತ್ತೆಂದು ತಿಳಿಯಲು ಇಂದಿಗೂ ಅದರತ್ತ ತಿರುಗಬೇಕು. ಆ ಕಾಲದ ದಾಖಲೆ ಬಂದೂಕಿನಿಂದ ಆಗುತ್ತಿತ್ತು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಅವರಂಥ ಛಾಯಾಗ್ರಾಹಕರ ಕಾಲಕ್ಕೆ ಅದು 36 ಚಿತ್ರಗಳ ರೀಲಿನಿಂದ ಆಯಿತು. ಒಂದು ಚಿತ್ರ ಒತ್ತುವ ಮುಂಚೆ ಹಕ್ಕಿಯನ್ನು ಅಷ್ಟು ನೋಡಿರಬೇಕಿತ್ತು. ಈಗ ಪಾಲಬಾವಿಯ ಕಾಲೇಜು ಹುಡುಗನ ಕೈಯಲ್ಲೂ ಆ ಮೂವತ್ತಾರನ್ನು ಎರಡು ಸೆಕೆಂಡಿಗೆ ತೆಗೆಯುವ ಕ್ಯಾಮೆರಾ ಇರಬಹುದು. ಅವನ ಚಿತ್ರಕ್ಕೆ ತಾರೀಖು, ಊರು, ಎಷ್ಟು ಹಕ್ಕಿ ಎಂಬ ಮೂರು ವಿವರ ಜೊತೆಯಾದರೆ, ಇ-ಬರ್ಡ್‌ನಂಥ ಜಾಲತಾಣಕ್ಕೆ ಅದು ಸೇರಿದರೆ, ಕೊನೆಯ ಗೊರವ ಈ ಜವಳನ್ನು ಯಾವ ವಾರ ಬಿಟ್ಟಿತು ಎಂಬುದು ಬಟ್ಲರನ ಪಟ್ಟಿಗಿಂತ ಖಚಿತವಾಗಿ ಉಳಿಯುತ್ತದೆ.

ಇಂಥ ದಾಖಲೆಯ ಅಗತ್ಯ ಬೇಗನೇ ಬೀಳಲಿದೆ. ನೆಲದಡಿ ರಂಧ್ರದ ಪೈಪುಗಳನ್ನು ಹೂತು ನೀರು ಬಸಿದು ಜವಳು ಹೊಲವನ್ನು ಮತ್ತೆ ಉಳುಮೆಗೆ ತರುವ ಕೆಲಸ ನೀರಾವರಿ ಸೀಮೆಗಳಲ್ಲಿ ನಡೆದಿದೆ, ನಡೆಯಲೇಬೇಕು. ಹೊಲ ಕಳೆದುಕೊಂಡವನಿಗೆ ಹೊಲ ಸಿಗಬೇಕು. ಬಸಿದ ನೀರು ಎಲ್ಲೋ ಒಂದು ತಗ್ಗಿಗೆ ಹೋಗಲೇಬೇಕಲ್ಲ? ಆ ತಗ್ಗು ಯಾವ ಹಳ್ಳದ ಬದಿ, ಯಾವ ಗಾಯರಾಣದ ಮೂಲೆ ಎಂಬುದನ್ನು ನಕ್ಷೆ ಬರೆಯುವಾಗಲೇ ಗುರುತಿಸಿ, ಅಲ್ಲಿ ಒಂದೆರಡು ಎಕರೆ ಆಪು-ಕೆಸರನ್ನು ಹಾಗೇ ಬಿಟ್ಟರೆ ರೈತನಿಗೆ ನಷ್ಟವಿಲ್ಲ. ಗ್ರಾಮಸಭೆಯಲ್ಲಿ ಆ ಮಾತು ಎತ್ತುವವರ ಕೈಯಲ್ಲಿ ಹತ್ತು ವರ್ಷದ ಮಾರ್ಚ್ ತಿಂಗಳ ಚಿತ್ರಗಳು, ತಾರೀಖಿನ ಸಮೇತ, ಇದ್ದರೆ ಅಧಿಕಾರಿ ಕೂತು ನೋಡುತ್ತಾನೆ.