ಜಠರದ ಕ್ಯಾನ್ಸರ್: ವಂಶವಾಹಿ ಹೇಳುವುದೇನು?

ಮನೆಯಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಎಂದು ತಿಳಿದ ಕೂಡಲೇ ನಾವು ಎರಡು ಪ್ರಶ್ನೆ ಕೇಳುತ್ತೇವೆ. ಇನ್ನೆಷ್ಟು ದಿನ? ಇದು ಮಕ್ಕಳಿಗೂ ಬರುತ್ತದೆಯೇ? ಎರಡಕ್ಕೂ ವಂಶವಾಹಿಗಳ ಸಂಬಂಧವಿದೆ. ಆದರೆ ಎರಡನ್ನೂ ಒಂದೇ ಎಂದು ತಿಳಿಯಬಾರದು.

ಮೊದಲ ಪ್ರಶ್ನೆಗೆ ಉತ್ತರ ಗಡ್ಡೆಯಲ್ಲೇ ಇದೆ. ಕಾಯಿಲೆ ಎಷ್ಟು ಹರಡಿದೆ ಎಂಬುದೇ ಮುಖ್ಯ; ಆದರೂ ಒಂದೇ ಹಂತದಲ್ಲಿರುವ ಇಬ್ಬರಲ್ಲಿ ಅದು ಒಂದೇ ರೀತಿ ಸಾಗುವುದಿಲ್ಲ. 2014ರಲ್ಲಿ ವಿಜ್ಞಾನಿಗಳು ಗಡ್ಡೆಗಳ ವಂಶವಾಹಿಗಳನ್ನು ಓದಿ ಜಠರದ ಕ್ಯಾನ್ಸರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಒಂದು ಬಗೆಯಲ್ಲಿ ಡಿಎನ್‌ಎ ನಕಲಿನ ತಪ್ಪುಗಳನ್ನು ತಿದ್ದುವ ವ್ಯವಸ್ಥೆಯೇ ಕೆಟ್ಟಿರುತ್ತದೆ. ವಿಚಿತ್ರವೆಂದರೆ, ಇಂಥವರು ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ ಇತರರಿಗಿಂತ ಚೆನ್ನಾಗಿರುತ್ತಾರೆ. ತಪ್ಪುಗಳು ಹೆಚ್ಚಾದಷ್ಟೂ ದೇಹದ ರೋಗನಿರೋಧಕ ಶಕ್ತಿ ಆ ಗಡ್ಡೆಯನ್ನು ಪರಕೀಯವೆಂದು ಗುರುತಿಸುವುದು ಸುಲಭ. ಇನ್ನು ಕೆಲವರ ಗಡ್ಡೆಯಲ್ಲಿ ‘ಹರ್-2’ ಎಂಬ ವಂಶವಾಹಿಯ ಪ್ರತಿಗಳು ಹೆಚ್ಚಿರುತ್ತವೆ. ಕಾಯಿಲೆ ಮುಂದುವರಿದ ಇಂಥವರಿಗೆ ಕಿಮೊಥೆರಪಿಯ ಜೊತೆ ಟ್ರಾಸ್ಟುಜುಮಾಬ್ ಔಷಧ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆಂದು 2010ರಲ್ಲಿ ತಿಳಿದುಬಂತು. ಈ ಬದಲಾವಣೆಗಳು ಬಹುತೇಕ ಗಡ್ಡೆಯಲ್ಲಿ ಮಾತ್ರ ಇರುತ್ತವೆ, ಮಕ್ಕಳಿಗೆ ಹೋಗುವುದಿಲ್ಲ.

ಎರಡನೆಯ ಪ್ರಶ್ನೆ ಕೆಲವೇ ಕುಟುಂಬಗಳದ್ದು. 1998ರಲ್ಲಿ ನ್ಯೂಜಿಲೆಂಡಿನ ಮಾವೊರಿ ಕುಟುಂಬವೊಂದರಲ್ಲಿ ‘ಸಿಡಿಎಚ್1’ ವಂಶವಾಹಿಯ ದೋಷ ಪತ್ತೆಯಾಯಿತು. ತಂದೆ ಅಥವಾ ತಾಯಿಯಲ್ಲಿ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು. ದೋಷ ಬಂದ ಮಾತ್ರಕ್ಕೆ ಕ್ಯಾನ್ಸರ್ ಬಂದೇ ಬರುತ್ತದೆಂದಲ್ಲ. ಆದರೆ ಮನೆತನದಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ, ಅದರಲ್ಲೂ ಚಿಕ್ಕ ವಯಸ್ಸಿನಲ್ಲಿ, ಈ ಕಾಯಿಲೆ ಬಂದಿದ್ದರೆ ವೈದ್ಯರಿಗೆ ಅದನ್ನು ಮುಚ್ಚಿಡದೆ ಹೇಳಬೇಕು. ಸಂಬಂಧ ತಪ್ಪೀತೆಂದು ಅಡಗಿಸಿದರೆ ಮುಂದಿನ ಪೀಳಿಗೆಗೆ ನಷ್ಟ.

ಸೊಲ್ಲಾಪುರ–ಅಕ್ಕಲಕೋಟೆ ರಸ್ತೆಯ ಕುಂಭಾರಿಯಲ್ಲಿ ಅಶ್ವಿನಿ ಗ್ರಾಮೀಣ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಇದೇ ಜಿಲ್ಲೆಯ ಬಾರ್ಶಿಯಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆ. ಹಳ್ಳಿಗಳ ಕ್ಯಾನ್ಸರ್ ಲೆಕ್ಕವಿಡುವ ದೇಶದ ಮೊದಲ ಗ್ರಾಮೀಣ ನೋಂದಣಿ 1987ರಲ್ಲಿ ಆರಂಭವಾದದ್ದು ಬಾರ್ಶಿಯಲ್ಲೇ.

ಹೊಟ್ಟೆಯುರಿ ವಾರಗಟ್ಟಲೆ ಇಳಿಯದಿದ್ದರೆ, ಹಸಿವು ಸತ್ತರೆ, ತೂಕ ಇಳಿದರೆ, ಮಲ ಕಪ್ಪಾದರೆ ಅಂಗಡಿಯ ಗುಳಿಗೆ ನುಂಗುತ್ತ ಕೂರದೆ ಎಂಡೋಸ್ಕೋಪಿ ಮಾಡಿಸೋಣ. ಕ್ಯಾನ್ಸರ್ ಎಂದಾದರೆ, ‘ತೆಗೆದ ಚೂರಿನಲ್ಲಿ ಹರ್-2 ಮೊದಲಾದ ಪರೀಕ್ಷೆ ಆಗಿದೆಯೇ?’ ಎಂದು ಸಂಕೋಚವಿಲ್ಲದೆ ಕೇಳೋಣ. ಆ ವರದಿ ಹಣೆಬರಹವಲ್ಲ. ಯಾವ ಔಷಧ ನಾಟೀತು ಎಂದು ತೋರಿಸುವ ಕೈದೀಪ.